‘ಅರ್ಜಿದಾರರು ಸ್ಥಳದಲ್ಲಿರಲಿಲ್ಲ’: ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಒಬ್ಬ ಗ್ರಾಮ ಆಡಳಿತ ಅಧಿಕಾರಿ. ಹುದ್ದೆಯ ಹೆಸರು ಬದಲಾದರೂ ಹಳ್ಳಿಯವರ ಬಾಯಲ್ಲಿ ಈಗಲೂ ವಿಎ (ವಿಲೇಜ್ ಅಕೌಂಟೆಂಟ್). ವಯಸ್ಸು ಮೂವತ್ತು ದಾಟಿದೆ. ತುಮಕೂರು ಜಿಲ್ಲೆಯ ಉತ್ತರ ಭಾಗದ ಒಂದು ತಾಲ್ಲೂಕಿನಲ್ಲಿ ಕೆಲಸ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. “ನನ್ನಂಥವರು ಬೇಕಾದಷ್ಟು ಜನ ಇದ್ದಾರೆ ಮೇಡಂ, ಓದಲಿ” ಅಂತ ಅವರೇ ಹೇಳಿದರು.

ಎದೆ ಹಿಡಿದ ಹಾಗಾಗುತ್ತದೆ ಅನ್ನುವುದು ಅವರ ಮೊದಲ ದೂರು. ಇಸಿಜಿ, ರಕ್ತ ಪರೀಕ್ಷೆ ಎರಡೂ ಸರಿಯಾಗಿದ್ದವು. ನೋಡಿದ ವೈದ್ಯರು ಒಮ್ಮೆ ಆಪ್ತಸಲಹೆಗೆ ಹೋಗಿ ಅಂದಿದ್ದರು. ಜೊತೆಗೆ ಹೆಂಡತಿಯೂ ಬಂದಿದ್ದರು. ಮಾತು ಶುರು ಮಾಡಿದ್ದು ಅವರೇ. “ಮಗು ಅತ್ತರೆ ಏಳಲ್ಲ ಮೇಡಂ. ಮೊಬೈಲ್ ಟಿಣ್ ಅಂದರೆ ಎದ್ದು ಕೂರ್ತಾರೆ. ರಾತ್ರಿ ಎರಡು ಗಂಟೆಗೂ ಆ ಗ್ರೂಪ್ ನೋಡ್ತಿರ್ತಾರೆ.”

ಆ ಗ್ರೂಪಿನಲ್ಲಿ ಏನಿದೆ ಅಂತ ಕೇಳಿದೆ. ಗಂಡ ಮೊಬೈಲ್ ತೆಗೆದು ತೋರಿಸಿದರು. ದಿನಾ ಸಂಜೆ ಒಂದು ಪಟ್ಟಿ ಬರುತ್ತದೆ. ವೃತ್ತದ (ಒಬ್ಬ ವಿಎಗೆ ಒಪ್ಪಿಸಿದ ಊರುಗಳ ಗುಂಪಿನ) ಹೆಸರು, ಅದರ ವಿಎ ಹೆಸರು, ಬಂದ ಅರ್ಜಿ, ವಿಲೇವಾರಿ, ಬಾಕಿ, ಶೇಕಡಾ, ಕೊನೆಗೆ ಸ್ಥಾನ. ಮೇಲಿನ ಸಾಲುಗಳಿಗೆ ಹಸಿರು, ಕೆಳಗಿನ ಸಾಲುಗಳಿಗೆ ಕೆಂಪು. ಅದರ ಕೆಳಗೆ ‘ಕೆಂಪಿನಲ್ಲಿರುವವರು ಕಾರಣ ತಿಳಿಸಿ’ ಅಂತ ಮೆಸೇಜ್. ಕಾರಣ ಯಾರೂ ತಿಳಿಸಿಲ್ಲ. ‘ನೋಟೆಡ್ ಸರ್’, ‘ಕ್ಲಿಯರ್ ಮಾಡ್ತೇನೆ ಸರ್’, ಮತ್ತೆ ಕೈಮುಗಿದ ಚಿತ್ರಗಳು. ಇವರ ಹೆಸರು ಬಹಳ ದಿನ ಕೆಂಪಿನಲ್ಲೇ ಇತ್ತು. ಅವರೇ ಬೆರಳಿನಿಂದ ಸರಿಸಿ ಸರಿಸಿ ತೋರಿಸಿದರು. ಬೆರಳು ನಡುಗುತ್ತಿತ್ತು.

ಅದು ಒಂದು ಕೆಲಸದ ಪಟ್ಟಿ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಕೆಲಸಕ್ಕೆ, ಬೇರೆ ಪಟ್ಟಿ ಇದೆ. ಪಹಣಿಗೆ ಆಧಾರ್ ಜೋಡಣೆ, ಬೆಳೆ ಸಮೀಕ್ಷೆ, ಸರ್ಕಾರಿ ಜಮೀನು ಒತ್ತುವರಿಯಾಗಿದೆಯಾ ಅಂತ ಹೋಗಿ ನೋಡುವ ಲ್ಯಾಂಡ್ ಬೀಟ್, ಜಾತಿ-ಆದಾಯ ಪ್ರಮಾಣಪತ್ರದ ವರದಿ, ಪಿಂಚಣಿದಾರರ ಪರಿಶೀಲನೆ, ಹೀಗೆ ಒಂದೊಂದಕ್ಕೆ ಒಂದೊಂದು ಆ್ಯಪ್. ನಡುವೆ ಮಳೆ ಬಂದು ಮನೆ ಬಿದ್ದರೆ ಪಂಚನಾಮೆ, ಚುನಾವಣೆ ಬಂದರೆ ಅದರ ಕೆಲಸ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಾಗ ಅವರ ಮುಖ್ಯ ದೂರುಗಳಲ್ಲಿ ಈ ಆ್ಯಪ್‌ಗಳ ಹೊರೆಯೂ ಒಂದಾಗಿತ್ತು. ಇಷ್ಟು ಹೊತ್ತಿಗೆ ನನಗೆ ಇದು ಕೆಲಸದ ಒತ್ತಡದ ಪ್ರಕರಣ ಅನ್ನಿಸಿತ್ತು. ಆದರೆ ಅವರನ್ನು ನಿಜವಾಗಿ ತಿನ್ನುತ್ತಿದ್ದದ್ದು ಇನ್ನೊಂದು ಸಂಗತಿ. ಅದನ್ನು ಹೇಳಲು ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡರು.

ಅವರ ವೃತ್ತದಲ್ಲಿ ಒಬ್ಬ ಅಜ್ಜಿ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದರು. ವಿಎ ಮನೆಗೆ ಹೋಗಿ ನೋಡಿ ವರದಿ ಕೊಡಬೇಕು. ಊರು ದೂರ, ಗುಡ್ಡದ ಬದಿ, ನೆಟ್‌ವರ್ಕ್ ಸಿಗುವುದಿಲ್ಲ. ಗಡುವು ಹತ್ತಿರ ಬಂದಿತ್ತು. ಅವತ್ತು ಸಂಜೆ ಪಟ್ಟಿ ಬರುವ ಮೊದಲು ಬಾಕಿ ಇಳಿಸಬೇಕಿತ್ತು. ಇವರು ನಾಡಕಚೇರಿಯಲ್ಲೇ ಕೂತು ‘ಸ್ಥಳ ಪರಿಶೀಲನೆ ವೇಳೆ ಅರ್ಜಿದಾರರು ಸ್ಥಳದಲ್ಲಿರಲಿಲ್ಲ, ತಿರಸ್ಕರಿಸಬಹುದು’ ಅಂತ ಬರೆದರು. ಅರ್ಜಿ ತಿರಸ್ಕಾರವಾಯಿತು. ಒಂದು ಬಾಕಿ ಕಮ್ಮಿ, ಒಂದು ವಿಲೇವಾರಿ ಜಾಸ್ತಿ. ಮಂಜೂರಾದರೂ ವಿಲೇವಾರಿ, ತಿರಸ್ಕರಿಸಿದರೂ ವಿಲೇವಾರಿ. ಪಟ್ಟಿಗೆ ಎರಡೂ ಒಂದೇ. ಅದೇ ದಾರಿಯಲ್ಲಿ ಇನ್ನಷ್ಟು ಅರ್ಜಿಗಳೂ ಹೋದವು. ಆ ವಾರ ಅವರ ಸಾಲು ಹಸಿರಾಯಿತು.

ಆಮೇಲೆ ಒಂದು ದಿನ ಅಜ್ಜಿ ಬಸ್ ಹಿಡಿದು ನಾಡಕಚೇರಿಗೆ ಬಂದರು. ಜಗಳ ಮಾಡಲಿಲ್ಲ. ಮಡಚಿದ ಚೀಟಿ ಮುಂದಿಟ್ಟು ಕೇಳಿದರಂತೆ: “ನಾನು ಎಲ್ಲಿಗೆ ಹೋಗಿದ್ದೆ ಸ್ವಾಮಿ? ಮನೇಲೇ ಇದ್ದೆನಲ್ಲ. ನೀವು ಬರ್ತೀರ ಅಂತ ಕೂಲಿಗೂ ಹೋಗಿರಲಿಲ್ಲ.”

ಇದನ್ನು ಹೇಳಿ ಅವರು ಅತ್ತರು. “ನಾನು ಕೆಟ್ಟವನಾಗಿಬಿಟ್ಟೆ ಮೇಡಂ. ಕೆಲಸಕ್ಕೂ ಲಾಯಕ್ಕಿಲ್ಲ. ಬೇರೆಯವರೆಲ್ಲ ಮಾಡ್ತಾರಲ್ಲ.”

ನಾನು ಒಂದೇ ಪ್ರಶ್ನೆ ಕೇಳಿದೆ: ಯಾವಾಗಲೂ ಮೊದಲ ಸ್ಥಾನದಲ್ಲಿರುವವರು ಹೇಗೆ ಮಾಡುತ್ತಾರೆ? ಬಹಳ ಹೊತ್ತು ಸುಮ್ಮನಿದ್ದರು. “ಅವನೂ ಹಾಗೇ ಬರೀತಾನೆ” ಅಂದರು. ತನ್ನನ್ನು ಅಳೆಯುತ್ತಿದ್ದ ಅಂಕಿಯೇ ಸುಳ್ಳಿನ ಮೇಲೆ ನಿಂತಿದೆ ಅಂತ ಆ ಮನುಷ್ಯ ಅಷ್ಟು ತಿಂಗಳು ಯೋಚಿಸಿರಲೇ ಇಲ್ಲ.

ಆಡಳಿತದ ಸಂಶೋಧನೆಯಲ್ಲಿ ಇದು ಹಳೆಯ ವಿಷಯ. ಒಂದು ಅಂಕಿಯನ್ನು ಇಟ್ಟುಕೊಂಡು ಎಷ್ಟು ಜಾಸ್ತಿ ತೀರ್ಮಾನ ಮಾಡುತ್ತೀರೋ, ಅಷ್ಟೂ ಆ ಅಂಕಿಯನ್ನು ತಿರುಚುವ ಒತ್ತಡ ಬೆಳೆಯುತ್ತದೆ ಅಂತ ಅಮೆರಿಕದ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಬರೆದಿದ್ದರು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ 4 ಗಂಟೆಯ ಗುರಿ ಹಾಕಿದಾಗ, ಕೆಲವು ಕಡೆ ರೋಗಿಗಳನ್ನು ಹೊರಗೆ ಆಂಬುಲೆನ್ಸಿನಲ್ಲೇ ಕಾಯಿಸಿದರು. ಒಳಗೆ ಬಂದರೆ ತಾನೇ ಗಡಿಯಾರ ಓಡೋದು? ಗ್ವಿನ್ ಬೆವನ್ ಮತ್ತು ಕ್ರಿಸ್ಟೋಫರ್ ಹುಡ್ 2006ರಲ್ಲಿ ಇಂಥ ಗುರಿಗಳ ಆಟವನ್ನು ವಿವರವಾಗಿ ಬರೆದರು. ಇಂಗ್ಲೆಂಡಿನ ಆಂಬುಲೆನ್ಸಿಗೂ ನಮ್ಮ ಗುಡ್ಡದ ಬದಿಯ ಅಜ್ಜಿಗೂ ದೂರ ಬಹಳ, ಆದರೆ ನಡೆದದ್ದು ಒಂದೇ.

ಗಡುವು ಇಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ‘ನಾಳೆ ಬಾ’ ಅನ್ನಿಸಿಕೊಂಡು ತಿಂಗಳುಗಟ್ಟಲೆ ಅಲೆದ ಜನರಿಗಾಗಿಯೇ 2011ರಲ್ಲಿ ಸಕಾಲ ಕಾಯ್ದೆ ಬಂತು. 2012ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅರ್ಜಿಗೆ 15 ಅಂಕಿಯ ಸಂಖ್ಯೆ ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ಸಂಬಂಧಪಟ್ಟ ಅಧಿಕಾರಿಯ ಕೈಯಿಂದ. ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು. ಜನರ ಪರವಾದ ಕಾನೂನು ಇದು. ಅಜ್ಜಿಯ ಕೈಯಲ್ಲಿದ್ದ ಚೀಟಿಗೆ ಬೆಲೆ ಬಂದದ್ದೂ ಇದರಿಂದಲೇ. ಕೆಟ್ಟದ್ದು ಆ ಸಂಜೆಯ ಬಣ್ಣದ ಪಟ್ಟಿಯಲ್ಲಿತ್ತು. ಯಾಕೆ ತಿರಸ್ಕರಿಸಿದಿರಿ ಅನ್ನುವ ಕಾಲಮ್ಮೇ ಅದರಲ್ಲಿರಲಿಲ್ಲ.

ಈಗ ಕೊಟ್ಟ ಸಲಹೆ. ಮೊದಲು ಜೀವ. ಇಂಥ ಸ್ಥಿತಿಯಲ್ಲಿ ಬಂದ ಯಾರನ್ನಾದರೂ ನಾನು ನೇರವಾಗಿಯೇ ಕೇಳುತ್ತೇನೆ: ಸಾಯಬೇಕು ಅನ್ನಿಸಿದೆಯಾ? ಬೈಕಿನಲ್ಲಿ ಹೋಗುವಾಗ ಎದುರಿಗೆ ಲಾರಿ ಬಂದರೆ ಎಲ್ಲ ಮುಗಿದುಹೋಗುತ್ತಲ್ಲ ಅನ್ನಿಸಿತ್ತು, ಆದರೆ ಏನೂ ಮಾಡಿಕೊಳ್ಳಲು ಹೊರಟಿರಲಿಲ್ಲ ಅಂದರು. ಅವರ ಒಪ್ಪಿಗೆ ಪಡೆದು ಹೆಂಡತಿಯನ್ನು ಒಳಗೆ ಕರೆದು ಈ ವಿಷಯ ಹೇಳಿದೆವು. ಅವತ್ತೇ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಟೆಲಿ ಮಾನಸ್‌ನ 14416 ಸಂಖ್ಯೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಇಬ್ಬರ ಮೊಬೈಲಿನಲ್ಲೂ ಸೇವ್ ಮಾಡಿಸಿದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೆಲವು ದಿನ ಒಬ್ಬರೇ ಬೈಕಿನಲ್ಲಿ ಹೋಗುವುದು ಬೇಡ ಅಂದೆ. ಮನೋವೈದ್ಯರು ಔಷಧಿ ಶುರು ಮಾಡಿದರು. “ಔಷಧಿ ತಗೊಂಡ್ರೆ ಹುಚ್ಚ ಅಂತಾರೆ” ಅಂತ ಅವರ ತಾಯಿ ಅಡ್ಡ ಬಂದರಂತೆ. ತಾಯಿಯನ್ನೂ ಕರೆಸಿ ಮಾತಾಡಿದೆ. ಬಿಪಿಗೆ ಮಾತ್ರೆ ನುಂಗುವವರು ಅವರು, ಅರ್ಥ ಮಾಡಿಕೊಂಡರು.

ಎರಡನೆಯದು ಆ ಗ್ರೂಪ್. ರಾತ್ರಿ ಊಟದ ಹೊತ್ತಿನಿಂದ ಬೆಳಿಗ್ಗೆವರೆಗೆ ಗ್ರೂಪಿನ ಸದ್ದು ಬಂದ್ ಮಾಡಿ, ಮೊಬೈಲ್ ಹಾಲ್‌ನಲ್ಲಿ ಚಾರ್ಜಿಗೆ ಇಡಿ ಅಂದೆ. ತುರ್ತು ಇದ್ದರೆ ತಹಶೀಲ್ದಾರರು ಫೋನ್ ಮಾಡುತ್ತಾರೆ, ಫೋನಿನ ಸದ್ದು ಇರಲಿ. ಒಪ್ಪಲು ಹಿಂದೆಮುಂದೆ ನೋಡಿದರು. ಆಗ ಅವರಿಗೆ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ, ಜನರಿಗೆ ‘ನಿನ್ನ ಕೆಲಸ ಹೀಗಿದೆ’ ಅಂತ ತಿಳಿಸುವುದರಿಂದ ಏನಾಗುತ್ತದೆ ಅಂತ ಹಳೆಯ ಪ್ರಯೋಗಗಳ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಹದಗೆಟ್ಟಿತ್ತು. ಗಮನ ಕೆಲಸದಿಂದ ಸರಿದು ‘ನಾನು ಎಂಥವನು’ ಅನ್ನುವ ಕಡೆ ತಿರುಗಿದಷ್ಟೂ ಪರಿಣಾಮ ಇಳಿಯುತ್ತದೆ ಅನ್ನುವುದು ಅವರ ವಿವರಣೆ. ರಾತ್ರಿ ಎರಡು ಗಂಟೆಗೆ ಕೆಂಪು ಸಾಲು ನೋಡುವ ಮನುಷ್ಯನಿಗೆ ಪೌತಿ ಖಾತೆಯ ಯಾವ ಕಡತವೂ ಕಾಣುವುದಿಲ್ಲ, ತನ್ನ ಹೆಸರೊಂದೇ ಕಾಣುತ್ತದೆ. ಇದನ್ನು ಕೇಳಿ ಅವರು “ಅದೇ ಮೇಡಂ, ಅದೇ ಆಗೋದು” ಅಂದರು. ಮೊಬೈಲ್ ಹಾಲ್‌ಗೆ ಹೋಯಿತು.

ಮೂರನೆಯದು ಅಜ್ಜಿ. ಇಲ್ಲಿ ನಾನು ಅವರನ್ನು ಸುಮ್ನೆ ಸಮಾಧಾನ ಮಾಡಲಿಲ್ಲ. ‘ಒತ್ತಡದಲ್ಲಿ ಆಯಿತು, ಬಿಡಿ’ ಅಂದಿದ್ದರೆ ಅದು ಅಜ್ಜಿಗೂ ಅನ್ಯಾಯ, ಅವರಿಗೂ ಅನ್ಯಾಯ. ಹೋಗದೆ ಹೋದೆ ಅಂತ ಬರೆದದ್ದು ತಪ್ಪೇ. ಅದು ಚುಚ್ಚುತ್ತಿದೆ ಅಂದರೆ ಅವರೊಳಗೆ ಒಳ್ಳೆಯ ನೌಕರ ಇನ್ನೂ ಇದ್ದಾನೆ. ಆದರೆ ಬರೀ ಚುಚ್ಚಿಸಿಕೊಂಡು ಕೂತರೆ ಪಿಂಚಣಿ ಬರುವುದಿಲ್ಲ. ಆ ರೀತಿ ಬರೆದ ಅರ್ಜಿಗಳ ಪಟ್ಟಿ ಮಾಡಿ ಅಂದೆ. ಒಂದೊಂದಾಗಿ ಮನೆಗೆ ಹೋಗಿ. ಮರು ಪರಿಶೀಲನೆ ಆಗಬೇಕು ಅಂತ ಮೇಲಧಿಕಾರಿಗೆ ಬರಹದಲ್ಲಿ ಕೊಡಿ. ನೋಟಿಸ್ ಬರಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಕೊಡುವ ಮೊದಲು ನೌಕರರ ಸಂಘದ ಹಿರಿಯರೊಬ್ಬರ ಹತ್ತಿರ, ಸೇವಾ ನಿಯಮ ಗೊತ್ತಿರುವ ವಕೀಲರ ಹತ್ತಿರ ಮಾತಾಡಿ, ತೀರ್ಮಾನ ನಿಮ್ಮದು ಅಂದೆ. ಒಂದು ವಾರ ಯೋಚಿಸಿದರು. ಆಮೇಲೆ ಕೊಟ್ಟರು.

ಅಜ್ಜಿಯ ಮನೆಗೆ ಮೊದಲು ಹೋದರು. ಹೊಸ ಅರ್ಜಿಗೆ ಬೇಕಾದ ಕಾಗದ ತಾವೇ ಕೂಡಿಸಿಕೊಟ್ಟರು. ಹೋದದ್ದನ್ನು ನನಗೆ ಹೇಳುವಾಗ ಎದೆ ಬಿಗಿತದ ಮಾತೇ ಬರಲಿಲ್ಲ. ನಾನೂ ಕೇಳಲಿಲ್ಲ.

ನಾಲ್ಕನೆಯದು ತಹಶೀಲ್ದಾರರ ಜೊತೆ ಮಾತು. ನಮ್ಮವರಿಗೆ ಮೇಲಿನವರ ಮುಂದೆ ಎರಡೇ ಮಾತು ಗೊತ್ತು: ‘ಆಗ್ಲಿ ಸರ್’ ಮತ್ತು ‘ತುಂಬಾ ಕಷ್ಟ ಆಗ್ತಿದೆ ಸರ್’. ಮೊದಲನೆಯದು ಸುಳ್ಳು. ಎರಡನೆಯದಕ್ಕೆ ‘ಯಾರಿಗಿಲ್ಲಪ್ಪ ಕಷ್ಟ’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೆ ಒಂದು ವಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿಡಲು ಹೇಳಿದೆ. ಆ ಹಾಳೆ ಮುಂದಿಟ್ಟು “ಸರ್, ಲ್ಯಾಂಡ್ ಬೀಟ್ ಮತ್ತು ಪಿಂಚಣಿ ಪರಿಶೀಲನೆ ಎರಡಕ್ಕೂ ಹೋಗಿ ಬರಲು ಈ ವಾರ ದಿನ ಸಾಲಲ್ಲ. ಯಾವುದು ಮೊದಲು ಅಂತ ಹೇಳಿ, ಅದನ್ನ ಸರಿಯಾಗಿ ಮುಗಿಸ್ತೇನೆ” ಅನ್ನುವುದನ್ನು ಇಲ್ಲೇ ಕೂತು ಅಭ್ಯಾಸ ಮಾಡಿದೆವು. ನಾನು ತಹಶೀಲ್ದಾರಳಾದೆ, ಸ್ವಲ್ಪ ಗದರಿಸಿದೆ ಕೂಡ.

ಇದರ ಹಿಂದೆಯೂ ಒಂದು ತಿಳಿವಳಿಕೆ ಇದೆ. 1985ರಲ್ಲಿ ಲಂಡನ್ನಿನ 10,308 ಸರ್ಕಾರಿ ನೌಕರರನ್ನು ಸೇರಿಸಿಕೊಂಡು ಶುರುವಾದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಕಮ್ಮಿ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಹೊರೆ ಇಳಿಸುವುದು ನನ್ನ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. ಯಾವುದು ಮೊದಲು ಅಂತ ಕೇಳುವ ಒಂದು ಪ್ರಶ್ನೆಯಿಂದ ಹಿಡಿತ ಸ್ವಲ್ಪ ಕೈಗೆ ಬರುತ್ತದೆ.

ತಹಶೀಲ್ದಾರರು ಹಾಳೆ ನೋಡಿ ಪಿಂಚಣಿ ಮೊದಲು ಮಾಡಿ ಅಂದರಂತೆ. ಮರು ಪರಿಶೀಲನೆಯ ಪತ್ರಕ್ಕೆ ಮಾತ್ರ ಗರಂ ಆದರಂತೆ. ಲಿಖಿತ ವಿವರಣೆ ಕೇಳಿದ್ದಾರೆ. ಅದು ಇನ್ನೂ ಮುಗಿದಿಲ್ಲ. ಸಂಜೆಯ ಪಟ್ಟಿಯೂ ನಿಂತಿಲ್ಲ. ಇವರ ಹೆಸರು ಈಗ ಕೆಲವು ದಿನ ಕೆಂಪು, ಕೆಲವು ದಿನ ಹಸಿರು.

ಇದನ್ನು ಓದುವ ಅಧಿಕಾರಿಗಳಿಗೂ ಒಂದು ಮನವಿ ಇದೆ. ಪಟ್ಟಿ ಬೇಡ ಅನ್ನುವುದಿಲ್ಲ. ವಿಲೇವಾರಿಯ ಪಕ್ಕದಲ್ಲೇ ಮಂಜೂರು ಎಷ್ಟು, ತಿರಸ್ಕಾರ ಎಷ್ಟು, ಕಾರಣ ಏನು ಅಂತ ಹಾಕಿಸಿ. ವಾರಕ್ಕೊಮ್ಮೆ ತಿರಸ್ಕಾರವಾದ ನಾಲ್ಕಾರು ಅರ್ಜಿದಾರರಿಗೆ ನೀವೇ ಫೋನ್ ಮಾಡಿ, ‘ವಿಎ ಬಂದಿದ್ದರಾ’ ಅಂತ ಕೇಳಿ. ಹಿಂದುಳಿದವರ ಹೆಸರನ್ನು ಗ್ರೂಪಿಗೆ ಹಾಕುವ ಬದಲು ಅವರನ್ನು ಕರೆದು ಮಾತಾಡಿ. ಅಮೆರಿಕದ ಮೈಕೆಲ್ ಲಿಪ್‌ಸ್ಕಿ 1980ರಲ್ಲೇ ತೋರಿಸಿದ ಹಾಗೆ, ಜನರಿಗೆ ಸರ್ಕಾರದ ನೀತಿ ಅಂದರೆ ಮುಂದೆ ನಿಂತ ಆ ಕೆಳ ಹಂತದ ನೌಕರ ಮಾಡಿದ್ದೇ. ಸಮಯ ಕಮ್ಮಿ, ಜನ ಜಾಸ್ತಿ ಆದಾಗ ಅವರು ಅಡ್ಡದಾರಿ ಕಂಡುಕೊಳ್ಳುತ್ತಾರೆ. ಆ ಅಡ್ಡದಾರಿಗೆ ಹಸಿರು ಬಣ್ಣ ಬಳಿಯುವುದನ್ನಾದರೂ ನಿಲ್ಲಿಸಬಹುದು, ಅಲ್ವಾ?

ಅವರು ಈಗ ನಿದ್ದೆ ಮಾಡುತ್ತಿದ್ದಾರೆ. ಔಷಧಿ ಮುಂದುವರಿದಿದೆ. ಕೆಲಸ ಬಿಟ್ಟುಬಿಡಲಾ ಅಂತ ಒಮ್ಮೆ ಕೇಳಿದರು. ಮನಸ್ಸು ಕುಗ್ಗಿರುವಾಗ ಅಂಥ ತೀರ್ಮಾನ ಬೇಡ, ವೈದ್ಯರು ಔಷಧಿ ನಿಲ್ಲಿಸಿದ ಮೇಲೆ ಕೂತು ಮಾತಾಡೋಣ ಅಂದೆ. ಈಗ ಅವರಿಗಿರುವ ದೊಡ್ಡ ಭಯ ಮೇಲಧಿಕಾರಿ ಬರೆಯುವ ಈ ವರ್ಷದ ಕಾರ್ಯನಿರ್ವಹಣಾ ವರದಿ. ವರದಿಯಲ್ಲಿ ಏನು ಬರೆದರೂ ನೌಕರನಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಒಪ್ಪಿಗೆಯಾಗದಿದ್ದರೆ ಮನವಿ ಕೊಡಲು ದಾರಿ ಇದೆ. ಹಾಗಾಗಿ ಪರಿಶೀಲನೆಗೆ ಹೋದ ದಿನ, ಊರು, ಅರ್ಜಿ ಸಂಖ್ಯೆ, ಜಿಪಿಎಸ್ ಫೋಟೊ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡಲು ಹೇಳಿದ್ದೇನೆ. ವರದಿ ಕೈಗೆ ಬಂದಾಗ ಆ ನೋಟ್‌ಬುಕ್ ಜೊತೆಗೇ ತರಬೇಕು, ಇಬ್ಬರೂ ಕೂತು ಓದುತ್ತೇವೆ.