ಡೆನ್ವರಿನಲ್ಲಿ ಸ್ಕೀ ಸಾಮಾನು ಯಾವ ತಿಂಗಳಲ್ಲಿ ಅಗ್ಗ?

ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ. ಹಿಮ ಕರಗುವ ಹೊತ್ತಿಗೆ ಅಂಗಡಿಗಳು ಆ ವರ್ಷದ ಮಾಲು ಖಾಲಿ ಮಾಡಲೇಬೇಕು, ಮುಂದಿನ ಚಳಿಗಾಲಕ್ಕೆ ಹೊಸ ಮಾಡೆಲ್ ಬರುತ್ತದೆ. ಎಷ್ಟೋ ಸಲ ಬದಲಾಗಿರುವುದು ಮೇಲಿನ ಬಣ್ಣ, ಚಿತ್ತಾರ ಅಷ್ಟೇ. ಬಾಡಿಗೆಗೆ ಕೊಡುತ್ತಿದ್ದ ಸ್ಕೀಗಳೂ ಆಗಲೇ ಮಾರಾಟಕ್ಕೆ ಬರುತ್ತವೆ.

ಅದು ತಪ್ಪಿದರೆ ಸೆಪ್ಟೆಂಬರ್ ಆರಂಭದ ಲೇಬರ್ ಡೇ ಸೇಲ್. ಆಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಹಳೆ ಸಾಮಾನು ಕೊಟ್ಟು ಕೊಳ್ಳುವ ಸ್ಕೀ ಸ್ವಾಪ್‌ಗಳು. ಬೆಳೆಯುವ ಮಕ್ಕಳಿಗೆ ಅಲ್ಲೇ ಕೊಳ್ಳಿ. ಆದರೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ, ಯಾವ ಮಾದರಿಯದು ಎಂದು ವಿಚಾರಿಸಿ. ತಯಾರಕರು ಹೊಣೆ ಕೈಬಿಟ್ಟ ತೀರಾ ಹಳೆಯದನ್ನು ಅಂಗಡಿಯವರು ಹೊಂದಿಸಿಕೊಡುವುದಿಲ್ಲ.

ಬೂಟಿನ ವಿಷಯದಲ್ಲಿ ಮಾತ್ರ ರಿಯಾಯಿತಿಗೆ ಕಾಯಬೇಡಿ. ಪೂರ್ತಿ ಬೆಲೆಯಾದರೂ ಸರಿ, ಪಾದದ ಅಳತೆ ತೆಗೆಸಿ, ಹಾಕಿ ನೋಡಿ, ಗಟ್ಟಿಯಾಗಿ ಕೂರುವುದನ್ನೇ ಕೊಳ್ಳಿ. ಸಡಿಲ ಬೂಟಿನಲ್ಲಿ ಎಂಥ ಒಳ್ಳೆಯ ಸ್ಕೀಯೂ ಹಿಡಿತಕ್ಕೆ ಸಿಗುವುದಿಲ್ಲ.