ಪಹಣಿ ಕ್ಷಣದಲ್ಲಿ ಸಿಗುತ್ತೆ, ಖಾತೆ ಯಾಕೆ ಆಗಲ್ಲ?

ಪ್ರಶ್ನೆ: ಅಪ್ಪ ತೀರಿಕೊಂಡು ವರ್ಷ ದಾಟಿತು. ಪಹಣಿ ಕೇಳಿದರೆ ತಕ್ಷಣ ಪ್ರಿಂಟ್ ಕೊಡುತ್ತಾರೆ, ಅದರಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಪೌತಿ ಖಾತೆಗೆ ಅಲೆದು ಸಾಕಾಗಿದೆ. ಎಲ್ಲಾ ಕಂಪ್ಯೂಟರ್ ಆಗಿದೆ ಅಂತಾರೆ, ಮತ್ತೆ ಇದ್ಯಾಕೆ ಹೀಗೆ ಸರ್? (ಒಬ್ಬ ರೈತ ಓದುಗರು)

ಉತ್ತರ: ಕಂಪ್ಯೂಟರಿಗೆ ಏರಿರುವುದು ಪಹಣಿ. ನಿಮ್ಮ ಅರ್ಜಿಯ ಮೇಲೆ ತೀರ್ಮಾನ ಮಾಡಬೇಕಾದವರು ಈಗಲೂ ಮನುಷ್ಯರೇ.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ರಾಜ್ಯದ 'ಭೂಮಿ' ಯೋಜನೆ ಬರುವ ಮುಂಚೆ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಆಗ ರಾಜ್ಯದಲ್ಲಿ ಅವರು ಸುಮಾರು 9,000 ಜನ ಇದ್ದರು. ಅವರು ಸಿಕ್ಕ ದಿನ, ಅವರಿಗೆ ಮನಸ್ಸಾದರೆ, ಕೈಗೊಂದಿಷ್ಟು ಬಿದ್ದರೆ ಪಹಣಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, 177 ತಾಲೂಕುಗಳಲ್ಲಿ ಕೌಂಟರ್ ತೆರೆದು, 15 ರೂಪಾಯಿಗೆ ಪ್ರತಿ ಕೊಡಲು ಶುರು ಮಾಡಿದರು. ಕೈಬರಹದ ಪಹಣಿ ಇನ್ನು ನಡೆಯಲ್ಲ ಅಂತ ಸರ್ಕಾರವೇ ಹೇಳಿಬಿಟ್ಟಿತು. ದೊಡ್ಡ ಕೆಲಸ ಅದು, ಈಗ ನಾವು ಮರೆತಿದ್ದೇವೆ ಅಷ್ಟೇ.

ಆದರೆ ಇರುವ ದಾಖಲೆಯ ಪ್ರತಿ ತೆಗೆದುಕೊಡುವುದಕ್ಕೆ ಯಾರೂ ಏನನ್ನೂ ನಿರ್ಧರಿಸಬೇಕಿಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಹಾಗಲ್ಲ. ಮರಣ ಪತ್ರ ಬೇಕು, ವಂಶವೃಕ್ಷ ಬೇಕು, ಊರಲ್ಲಿ ವಿಚಾರಣೆ ಆಗಬೇಕು, ನೋಟಿಸ್ ಹಾಕಿ ತಕರಾರಿಗೆ ಸಮಯ ಕೊಡಬೇಕು. ಈ ಮಧ್ಯೆ ಅಣ್ಣನೋ ಮದುವೆಯಾಗಿ ಹೋದ ಅಕ್ಕನೋ ಒಂದು ತಕರಾರು ಅರ್ಜಿ ಕೊಟ್ಟರೆ ಅದು ತಹಶೀಲ್ದಾರರ ಮುಂದೆ ಕೇಸಾಗುತ್ತದೆ. ಅಲ್ಲಿ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಇದ್ಯಾವುದನ್ನೂ ಯಂತ್ರ ಮಾಡಿಕೊಡಲ್ಲ.

ಮೊದಲು ಬಂದ ಅರ್ಜಿ ಮೊದಲು ಅನ್ನೋ ನಿಯಮವನ್ನು ಭೂಮಿ ತಂತ್ರಾಂಶದಲ್ಲೇ ಕೂರಿಸಿದ್ದರು, ಬೇಕಾದವರದು ಮುಂದೆ ಹಾರಬಾರದು ಅಂತ. ಒಳ್ಳೆಯದೇ. ಆದರೆ ಆ ಸಾಲು ಶುರುವಾಗೋದು ಅರ್ಜಿ ಕಂಪ್ಯೂಟರಿಗೆ ಹತ್ತಿದ ಮೇಲೆ. 'ಇನ್ನೊಂದು ಕಾಗದ ತನ್ನಿ' ಅಂತ ನಿಮ್ಮನ್ನು ವಾಪಸ್ ಕಳಿಸಿದ ದಿನಗಳು ಯಾವ ಲೆಕ್ಕಕ್ಕೂ ಬರಲ್ಲ. ಹಾಗಾಗಿ ಮೊದಲು ಇದನ್ನು ಕೇಳಿ: ನನ್ನ ಅರ್ಜಿ ದಾಖಲಾಗಿದೆಯಾ, ಅದರ ನಂಬರ್ ಏನು, ತಕರಾರು ಬಂದಿದೆಯಾ? ತಕರಾರು ಇಲ್ಲ, ಗಡುವೂ ಮುಗಿದಿದೆ ಅಂದ್ರೆ ತಡಕ್ಕೆ ಕಾರಣ ಹೇಳಬೇಕಾದವರು ಅವರೇ.

ಇನ್ನೊಂದು ಮಾತು. ಪೌತಿ ಖಾತೆಯಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ. 'ನನ್ನ ಪಾಲು ನನಗೆ ಬೇರೆ' ಅನ್ನುವುದಾದರೆ ಅದು ವಿಭಾಗ. ಅದಕ್ಕೆ ಅಳತೆ, ಜಮೀನಿನ ಭಾಗಗಳನ್ನು ತೋರಿಸುವ 11ಇ ನಕ್ಷೆ ಎಲ್ಲಾ ಬೇಕು. ಎರಡನ್ನೂ ಒಟ್ಟಿಗೆ ಕಲಸಿಕೊಂಡು ಸಿಕ್ಕಿಹಾಕಿಕೊಳ್ಳುವವರು ಜಾಸ್ತಿ.

ಪ್ರಶ್ನೆ: ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನೋ 'ಸಕಾಲ' ಕಾಯ್ದೆಯಲ್ಲಿ ತಡವಾದರೆ ದಂಡ ಇದೆಯಂತಲ್ಲ, ಅದು ಯಾರಿಗಾದರೂ ಸಿಗುತ್ತದಾ? (ತುಮಕೂರಿನಿಂದ)

ಉತ್ತರ: ಕಾಯ್ದೆಯಲ್ಲಂತೂ ಇದೆ. ಇಂಥ ಕಾನೂನನ್ನು ದೇಶದಲ್ಲಿ ಮೊದಲು ತಂದಿದ್ದು ಮಧ್ಯಪ್ರದೇಶ, 2010ರಲ್ಲಿ. ನಮ್ಮದು 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ರಾಜ್ಯದ ತುಂಬಾ ಜಾರಿಗೆ ಬಂತು. ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅದೂ ತಡ ಮಾಡಿದವರ ಸಂಬಳದಿಂದ.

ಆದರೆ ಅದನ್ನು ನೀವು ಕೇಳಿ ಪಡೆಯಬೇಕು. 500 ರೂಪಾಯಿಗೋಸ್ಕರ ನಾಳೆ ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕಾದ ಮನುಷ್ಯ ಜಗಳಕ್ಕೆ ಹೋಗ್ತಾನಾ? ಹೋಗಲ್ಲ ಅಲ್ವಾ. ನನ್ನ ಪ್ರಕಾರ ಸಕಾಲದ ನಿಜವಾದ ಲಾಭ ದಂಡ ಅಲ್ಲ, ಅರ್ಜಿ ಕೊಟ್ಟಾಗ ಸಿಗುವ 15 ಅಂಕಿಯ ನಂಬರು. ಅದಿದ್ದರೆ 'ನಿಮ್ಮ ಅರ್ಜಿ ಬಂದೇ ಇಲ್ಲ' ಅನ್ನಲಾಗಲ್ಲ. ಅದಿಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಮೇಲ್ಮನವಿಗೆ ಅದೇ ಆಧಾರ. ಗಡುವು ಮುಗಿಯುವ ಹೊತ್ತಿಗೆ ಸುಮ್ನೆ ತಿರಸ್ಕರಿಸಿ ಲೆಕ್ಕ ಸರಿಮಾಡಿಕೊಳ್ಳುವ ದಾರಿಯೂ ಅವರಿಗೆ ತೆರೆದೇ ಇರುತ್ತದೆ.

ಪ್ರಶ್ನೆ: ಸರ್ಕಾರಿ ಕಚೇರಿಗಳ ಈ ಅವಸ್ಥೆ ನಮ್ಮ ದೇಶದ ರೋಗ ಮಾತ್ರಾನಾ, ಬೇರೆ ಬಡ ದೇಶಗಳಲ್ಲೂ ಹೀಗೇನಾ? (ಪದವಿ ವಿದ್ಯಾರ್ಥಿನಿ)

ಉತ್ತರ: ಉಗಾಂಡದ ಕತೆ ಕೇಳಮ್ಮ. 1991ರಿಂದ 95ರವರೆಗೆ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ತಲೆಗಿಷ್ಟು ಅಂತ ದುಡ್ಡು ಕಳಿಸುತ್ತಿತ್ತು. 250 ಶಾಲೆಗಳಿಗೆ ಹೋಗಿ ಲೆಕ್ಕ ನೋಡಿದಾಗ ತಲುಪಿದ್ದು ಸರಾಸರಿ ಶೇ 13. ಉಳಿದದ್ದು ಬಹುತೇಕ ಜಿಲ್ಲಾ ಕಚೇರಿಗಳಲ್ಲೇ ನಿಂತಿತ್ತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಅಂತ ಪತ್ರಿಕೆಯಲ್ಲಿ ಹಾಕಿದರು, ಶಾಲೆಯ ಗೋಡೆಗೂ ಅಂಟಿಸಿ ಅಂದರು. 2001ರ ಹೊತ್ತಿಗೆ ಅದು ಶೇ 80ರ ಆಸುಪಾಸಿಗೆ ಬಂತು.

ಇದನ್ನು ಜಾದೂ ಥರ ಹೇಳುವವರಿದ್ದಾರೆ, ನಂಬಬೇಡ. 1997ರಲ್ಲಿ ಅಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು, ಹಣ ಹಂಚುವ ರೀತಿಯೂ ಬದಲಾಯಿತು, ಪತ್ರಿಕೆಗೇ ಎಲ್ಲಾ ಕೀರ್ತಿ ಸಲ್ಲದು ಅಂತ ಆಮೇಲೆ ಬೇರೆ ಸಂಶೋಧಕರು ವಾದಿಸಿದರು. ನನಗೂ ಅದೇ ಸರಿ ಅನಿಸುತ್ತದೆ. ಆದರೆ ಒಂದು ನೋಡು: ಎಷ್ಟು ಬರಬೇಕು ಅಂತ ಗೊತ್ತಿಲ್ಲದ ಹೆಡ್ಮಾಸ್ಟರು ಯಾರನ್ನು ಏನಂತ ಕೇಳೋದು? ಗೊತ್ತಾದ ಮೇಲೆ ಕೇಳಬಹುದು, ಅಷ್ಟು ಮಾತ್ರ. ನಮ್ಮಲ್ಲೂ ಪ್ರತಿ ಕಚೇರಿಯ ಬಾಗಿಲಲ್ಲಿ ಎಷ್ಟು ಅರ್ಜಿ ಬಾಕಿ, ಯಾರ ಮೇಜಿನ ಮೇಲೆ, ಎಷ್ಟು ದಿನದಿಂದ ಅಂತ ಬರೆದು ಹಾಕಲಿ. ಖರ್ಚೇನೂ ಇಲ್ಲ.

ಪ್ರಶ್ನೆ: ಎಲ್ಲಾ ಖಾಸಗಿಯವರಿಗೆ ಕೊಟ್ಟರೆ ಸರಿಹೋಗಲ್ವಾ?

ಉತ್ತರ: ಅಳತೆ ಕೆಲಸವನ್ನು ಒಂದಿಷ್ಟು ಕೊಟ್ಟಾಗಿದೆ, ಪರವಾನಗಿ ಪಡೆದ ಸರ್ವೆಯರುಗಳು ಇದ್ದಾರೆ. ಅವರು ಮಾಡಿದ ನಕ್ಷೆಯನ್ನು ಪರಿಶೀಲಿಸಿ ಒಪ್ಪಬೇಕಾದವರು ಇಲಾಖೆಯವರೇ. ಅಲ್ಲಿ ಜನ ಸಾಲದಿದ್ದರೆ ಹೊರಗೆ ಬೇಗ ಅಳೆದ ನಕ್ಷೆಯೂ ಒಳಗೆ ಹೋಗಿ ಸಾಲಿನಲ್ಲಿ ಕಾಯುತ್ತದೆ. ಮೊದಲು ಅಲ್ಲಿಗೆ ಜನ ಹಾಕಲಿ, ಆಮೇಲೆ ಖಾಸಗಿಯ ಮಾತು.