ಚಿತ್ರದ ಎದುರು ಇನ್ನಷ್ಟು ಹೊತ್ತು ಕುಳಿತುಕೊಳ್ಳಿ

ಪ್ರಿಯ ಲೇಖಕರೇ,

ಡೋಡೋ ಹಕ್ಕಿಯನ್ನು ಹಳೆಯ ಚಿತ್ರಗಳ ಮೂಲಕ ನೆನೆಯುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಕೈಬಿಡಲೂ ಮನಸ್ಸಿಲ್ಲ. ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟುದ್ದ ಬರೆಯುತ್ತಿರುವುದು ಅದಕ್ಕಾಗಿಯೇ.

ಮೊದಲ ಮೂರು ಪ್ಯಾರಾಗಳನ್ನು ತೆಗೆದುಬಿಡಿ. ‘ಮನುಷ್ಯನ ದುರಾಸೆ’, ‘ಪ್ರಕೃತಿಮಾತೆಯ ಕಣ್ಣೀರು’ ಇವೆಲ್ಲ ಅಳಿದುಹೋದ ಯಾವ ಜೀವಿಗಾದರೂ ಹೊಂದುವ ಮಾತುಗಳು. ಡೋಡೋ ಹೆಸರನ್ನು ಅಳಿಸಿ ಬೇರೊಂದನ್ನು ಬರೆದರೆ ಒಂದಕ್ಷರವೂ ಬದಲಾಗಬೇಕಿಲ್ಲ. ನಿಮ್ಮ ದುಃಖ ನಿಜವಾದದ್ದೆಂದು ನಂಬುತ್ತೇನೆ. ಆದರೆ ಯಾವುದನ್ನು ಕಳೆದುಕೊಂಡೆವು ಎಂಬುದು ಓದುಗನಿಗೆ ಕಣ್ಣಿಗೆ ಕಟ್ಟುವ ಮೊದಲೇ ಅವನು ಅಳುವಂತೆ ಮಾಡಲು ಹೊರಟಿದ್ದೀರಿ. ‘ನಾವಿಕರು ಹೊಡೆದು ತಿಂದು ಮುಗಿಸಿದರು’ ಎಂಬ ವಾಕ್ಯವೂ ಅರ್ಧಸತ್ಯ. 1598ರಲ್ಲಿ ಡಚ್ಚರು ಡೋಡೋದ ತವರಾದ ಮಾರಿಷಸ್‌ಗೆ ಬಂದಿಳಿದ ಮೇಲೆ ಹಂದಿ, ಕೋತಿ, ಇಲಿಗಳೂ ದ್ವೀಪವನ್ನು ತುಂಬಿದವು. ನೆಲದ ಮೇಲೆ ಮೊಟ್ಟೆಯಿಡುತ್ತಿದ್ದ ಹಕ್ಕಿಗೆ ಕೋಲು ಹಿಡಿದ ನಾವಿಕನಿಗಿಂತ ಅವು ದೊಡ್ಡ ಶತ್ರುಗಳಾದವು. ಡೋಡೋವನ್ನು ಕಂಡ ನಂಬಲರ್ಹ ವರದಿಗಳಲ್ಲಿ ಕೊನೆಯದು 1662ರದೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಈ ಭಾಗಕ್ಕೆ ನಾಲ್ಕು ಸಾಲು ಸಾಕು.

ಇನ್ನು ನನ್ನ ಮುಖ್ಯ ತಕರಾರು. ಡಚ್ ಕಲಾವಿದ ರೂಲಾಂಟ್ ಸೇವರಿ ಸುಮಾರು 1626ರಲ್ಲಿ ಬರೆದ ಪ್ರಸಿದ್ಧ ವರ್ಣಚಿತ್ರವನ್ನು, ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿರುವುದನ್ನು, ‘ಡೋಡೋ ಹೀಗಿತ್ತು ಎಂಬುದಕ್ಕೆ ಅಂತಿಮ ಸಾಕ್ಷಿ’ ಎಂದು ಕರೆದಿದ್ದೀರಿ. ಸೇವರಿ ಮಾರಿಷಸ್‌ಗೆ ಹೋದವನಲ್ಲ. ಅವನ ಡೋಡೋದ ಪಕ್ಕದಲ್ಲೇ ಅಮೆರಿಕ ಖಂಡದ ಮಕಾವ್ ಗಿಳಿ ಕುಳಿತಿದೆ. ಅದು ಕಂಡ ದೃಶ್ಯವಲ್ಲ, ಜೋಡಿಸಿದ ದೃಶ್ಯ. ಆ ದಢೂತಿ, ಜೋಲುಮೈಯ ಹಕ್ಕಿ ಎಂಥವರನ್ನು ದಾರಿ ತಪ್ಪಿಸಿತು ನೋಡಿ. 1865ರಲ್ಲಿ ಮಾರಿಷಸ್ಸಿನ ಜೌಗುನೆಲವೊಂದರಲ್ಲಿ ಡೋಡೋದ ಮೂಳೆಗಳು ರಾಶಿಯಾಗಿ ಸಿಕ್ಕವು. ಮರುವರ್ಷ ಅಂಗರಚನಾ ವಿಜ್ಞಾನಿ ರಿಚರ್ಡ್ ಓವೆನ್ ಅವುಗಳನ್ನು ಸೇವರಿಯ ಚಿತ್ರದ ಹೊರಗೆರೆಯೊಳಗೆ ಕೂರಿಸಿ ಅಸ್ಥಿಪಂಜರದ ಚಿತ್ರ ಸಿದ್ಧಪಡಿಸಿದರು. ಕೈಯಲ್ಲಿ ಮೂಳೆಗಳಿದ್ದರೂ ನಂಬಿದ್ದು ಚಿತ್ರವನ್ನು! ಕೆಲವು ವರ್ಷಗಳ ನಂತರ ತಾವೇ ತಿದ್ದಿಕೊಂಡು, ಹಕ್ಕಿಯನ್ನು ಇನ್ನಷ್ಟು ನೆಟ್ಟಗೆ ನಿಲ್ಲಿಸಿದರು. ನಿಮ್ಮ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ನೀವು ಇದರ ಪಕ್ಕದಲ್ಲೇ ಹಾದುಹೋಗಿದ್ದೀರಿ. ಬದಲಿಗೆ ‘ಪೆದ್ದು ಹಕ್ಕಿ’ ಎಂಬ ಹಳೆಯ ಬೈಗುಳವನ್ನು ಮೂರು ಕಡೆ ಬಳಸಿದ್ದೀರಿ. ಆ ಬೈಗುಳಕ್ಕೆ ಇಂಥ ಚಿತ್ರಗಳೂ ಕಾರಣ ಎಂಬುದನ್ನು ಬರೆಯಿರಿ.

ಉಸ್ತಾದ್ ಮನ್ಸೂರನಿಗೆ ನೀವು ಕೊಟ್ಟಿರುವುದು ಎರಡೇ ಸಾಲು. ಓದಿದಾಗ ನನಗೆ ನಿಜವಾಗಿಯೂ ಬೇಸರವಾಯಿತು. ಜಹಾಂಗೀರನ ಆಸ್ಥಾನದ ಈ ಕಲಾವಿದನದೆಂದು ಹೇಳಲಾಗುವ, ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಹಾಳೆಯನ್ನು ತೆರೆದಿಟ್ಟುಕೊಂಡು ಕುಳಿತುಕೊಳ್ಳಿ. ನಡುವೆ ಕಂದು ಬಣ್ಣದ, ಸಪೂರ ಮೈಯ ಡೋಡೋ. ಸುತ್ತ ಪಟ್ಟೆತಲೆಯ ಹೆಬ್ಬಾತು, ಕೋಳಿಯ ಬಳಗದ ಟ್ರಾಗೋಪಾನ್, ಪುಟ್ಟ ಗಿಳಿ. ಇದೂ ಜೋಡಿಸಿದ ದೃಶ್ಯವೇ, ಒಪ್ಪುತ್ತೇನೆ. ಆದರೆ ಆ ಸುತ್ತಲಿನ ಹಕ್ಕಿಗಳನ್ನು ಗಮನಿಸಿ. ಅವು ಇಂದಿಗೂ ಬದುಕಿರುವ ಜಾತಿಗಳು. ಯಾವುದು ಯಾವ ಜಾತಿಯೆಂದು ಪಕ್ಷಿತಜ್ಞರು ಗುರುತಿಸುವಷ್ಟು ಕರಾರುವಾಕ್ಕಾಗಿ ಗರಿಗಳು ಮೂಡಿವೆ. ನಾವು ಪರೀಕ್ಷಿಸಬಹುದಾದ ಹಕ್ಕಿಗಳ ವಿಷಯದಲ್ಲಿ ಕುಂಚ ಸುಳ್ಳಾಡಿಲ್ಲ ಎಂದಮೇಲೆ, ಪರೀಕ್ಷಿಸಲಾಗದ ಆ ಒಂದು ಹಕ್ಕಿಯ ವಿಷಯದಲ್ಲೂ ಅದರ ಮಾತಿಗೆ ತೂಕ ಬರುತ್ತದೆ. ಸೂರತ್‌ನಲ್ಲಿ ಎರಡು ಡೋಡೋಗಳನ್ನು ಕಂಡೆನೆಂದು ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಬರೆದಿಟ್ಟಿದ್ದಾನೆ. ಮಾರಿಷಸ್ಸಿನ ಹಕ್ಕಿ ಹಡಗೇರಿ ನಮ್ಮ ನೆಲಕ್ಕೆ ಬಂದಿತ್ತು ಎಂಬುದು ಕನ್ನಡದ ಎಷ್ಟು ಓದುಗರಿಗೆ ಗೊತ್ತು?

ಜಹಾಂಗೀರನ ಮಾತೊಂದನ್ನೂ ಸೇರಿಸಿ. 1612ರಲ್ಲಿ ಗೋವಾದಿಂದ ಅಪರೂಪದ ಪ್ರಾಣಿಪಕ್ಷಿಗಳು ಬಂದಾಗ, ಬಾಬರ್ ಪ್ರಾಣಿಗಳನ್ನು ವರ್ಣಿಸಿದನೇ ಹೊರತು ಚಿತ್ರ ಬರೆಸಲಿಲ್ಲ, ನಾನು ಎರಡನ್ನೂ ಮಾಡಿಸುತ್ತೇನೆ ಎಂಬ ಅರ್ಥದಲ್ಲಿ ಅವನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ. ಆ ಹಂಬಲ ಇಲ್ಲದಿದ್ದರೆ ಆಸ್ಥಾನದಲ್ಲಿ ಇಂಥ ಹಾಳೆಗಳು ಹುಟ್ಟುತ್ತಿರಲಿಲ್ಲ.

1601ರಲ್ಲಿ ಮಾರಿಷಸ್‌ನಲ್ಲಿ ಲಂಗರು ಹಾಕಿದ್ದ ‘ಗೆಲ್ಡರ್ಲ್ಯಾಂಡ್’ ಹಡಗಿನ ದಿನಚರಿಯ ರೇಖಾಚಿತ್ರಗಳು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ದ್ವೀಪದಲ್ಲೇ, ಹಕ್ಕಿಯನ್ನು ಎದುರಿಗಿಟ್ಟುಕೊಂಡು ಬರೆದವು ಅವು. ಹುಡುಕಿ ನೋಡಿ.

ಐದನೆಯ ಪುಟದಲ್ಲಿ ಯಾರೂ ಹೇಳಿಕೊಡದೆ ನೀವೇ ಬರೆದ ಒಂದು ಸಾಲಿದೆ: ‘ಕೊಕ್ಕಿನ ತುದಿಯ ಕೊಂಡಿಯನ್ನು ಪೆನ್ಸಿಲ್ ಹಿಡಿದು ನಕಲು ಮಾಡಲು ಹೋದೆ, ಮೂರು ಸಲವೂ ತಪ್ಪಿತು.’ ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಚಿತ್ರವನ್ನು ಮತ್ತೆ ನೋಡಿದೆ. ಅದನ್ನೇಕೆ ಅಷ್ಟಕ್ಕೇ ಬಿಟ್ಟಿರಿ? ಎಲ್ಲಿ ತಪ್ಪಿತು, ಬಾಗು ಹೆಚ್ಚಾಯಿತೇ, ಮೂಗಿನ ಹೊಳ್ಳೆ ಕೆಳಗಿಳಿಯಿತೇ? ನಾಲ್ಕನೆಯ ಸಲ ಏನಾಯಿತು? ಎರಡು ಪುಟ ತೆಗೆದುಕೊಳ್ಳಿ, ಅಡ್ಡಿಯಿಲ್ಲ.

ಪ್ರತಿ ಚಿತ್ರದ ಕೆಳಗೆ ಕಲಾವಿದನ ಹೆಸರು, ಕಾಲ, ಈಗಿರುವ ಸ್ಥಳ ಇರಲಿ. ಶೀರ್ಷಿಕೆಯ ಬಗ್ಗೆ ಆಮೇಲೆ ಮಾತನಾಡೋಣ. ಹೊಸ ಕರಡನ್ನು ನನ್ನ ಹೆಸರಿಗೇ ಕಳುಹಿಸಿ. ನಿಮ್ಮ ಪೆನ್ಸಿಲ್ ನಕಲುಗಳನ್ನು, ತಪ್ಪಿದ ಮೂರನ್ನೂ ಸೇರಿಸಿ, ಜೊತೆಗಿಡಿ.

ವಿಶ್ವಾಸದಿಂದ,
ಸಂಪಾದಕ